ಕೋಡಿಗೆ ಬಣ್ಣ ಹಚ್ಚುವುದು: ಪಿಗ್ಮೆಂಟ್ಸ್ ಜೊತೆ ನನ್ನ ಅನುಭವ

ವೆಬ್ ಪುಟದಲ್ಲಿ ಕೋಡಿಗೆ ಬಣ್ಣ ಬರಿಸಲು ಎರಡು ದಾರಿಗಳಿವೆ. ಪುಟ ತೆರೆದ ಮೇಲೆ ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟ್ ಆ ಕೆಲಸ ಮಾಡುವುದು ಒಂದು. ಹೈಲೈಟ್ ಜೆಎಸ್, ಪ್ರಿಸಂ ಈ ಬಗೆಯವು. ಪುಟ ತಯಾರಾಗುವಾಗಲೇ ಬಣ್ಣದ ಗುರುತುಗಳನ್ನು ಎಚ್‌ಟಿಎಂಎಲ್ ಒಳಗೆ ಸೇರಿಸಿಬಿಡುವುದು ಇನ್ನೊಂದು. ನಾನು ಹಿಡಿದಿರುವುದು ಎರಡನೆಯದನ್ನು, ಪಿಗ್ಮೆಂಟ್ಸ್ ಮೂಲಕ. ಪೈಥಾನಿನಲ್ಲಿ ಬರೆದ ಈ ತಂತ್ರಾಂಶ 2006ರಿಂದ ಇದೆ, ಬಿಎಸ್‌ಡಿ ಲೈಸೆನ್ಸಿನಲ್ಲಿ ಸಿಗುತ್ತದೆ. ಓದುವವರ ಬ್ರೌಸರಿಗೆ ಹೊರೆಯಿಲ್ಲ. ಅದೇ ಕೋಡಿನಿಂದ ಲೇಟೆಕ್, ಎಸ್‌ವಿಜಿ, ಆರ್‌ಟಿಎಫ್, ಟರ್ಮಿನಲ್ ರೂಪಗಳನ್ನೂ ತೆಗೆಯಬಹುದು. ಇದೇ ಕೆಲಸ ಮಾಡುವ ರೂಬಿ ಭಾಷೆಯ ರೂಜ್, ಗೋ ಭಾಷೆಯ ಕ್ರೋಮಾ ಎರಡೂ ಇದರ ಸಿಎಸ್‌ಎಸ್ ಕ್ಲಾಸ್ ಹೆಸರುಗಳನ್ನೇ ಅನುಸರಿಸುತ್ತವೆ. ಹಾಗಾಗಿ ಮುಂದೆ ಅವನ್ನು ಬಳಸುವ ಜೆಕಿಲ್ ಅಥವಾ ಹ್ಯೂಗೋ ಎಂಬ ವೆಬ್‌ಸೈಟ್ ತಯಾರಿಸುವ ತಂತ್ರಾಂಶಗಳಿಗೆ ಹೋದರೂ ಸ್ಟೈಲ್ ಫೈಲ್ ಬಹುಪಾಲು ಹಾಗೇ ನಡೆಯುತ್ತದೆ.

ಭಾಷೆ ಯಾವುದೆಂದು ಊಹಿಸುವ ಕೆಲಸವನ್ನು ನಾನು ಯಾವ ತಂತ್ರಾಂಶಕ್ಕೂ ಬಿಡುವುದಿಲ್ಲ. ನಾಲ್ಕು ಸಾಲಿನ ತುಣುಕು ನೋಡಿ ಅದು ಸಿ ಭಾಷೆಯೋ ಜಾವಾವೋ ಹೇಳುವುದು ಮನುಷ್ಯರಿಗೇ ಕಷ್ಟ. ಪ್ರತಿ ತುಣುಕಿಗೂ ಲೆಕ್ಸರ್ ಹೆಸರು ಕೊಡುತ್ತೇನೆ. ಲೆಕ್ಸರ್ ಎಂದರೆ ಒಂದು ಭಾಷೆಯ ಕೋಡನ್ನು ಕೀವರ್ಡ್, ಸ್ಟ್ರಿಂಗ್, ಕಾಮೆಂಟ್ ಮುಂತಾದ ತುಂಡುಗಳಾಗಿ (ಟೋಕನ್‌ಗಳಾಗಿ) ಒಡೆಯುವ ಭಾಗ. ಯಾವುದೂ ಹೊಂದದಿದ್ದರೆ ‘ಟೆಕ್ಸ್ಟ್’ ಎಂದು ಕೊಟ್ಟು ಬಣ್ಣವಿಲ್ಲದೆ ಬಿಡುತ್ತೇನೆ. ಶೆಲ್ ತುಣುಕುಗಳಲ್ಲಿ ಎಚ್ಚರ ಬೇಕು. ಡಾಲರ್ ಚಿಹ್ನೆಯ ಪ್ರಾಂಪ್ಟ್, ಕಮಾಂಡ್, ಅದರ ಔಟ್‌ಪುಟ್ ಮೂರೂ ಇರುವ ತುಣುಕಿಗೆ ‘ಬ್ಯಾಷ್’ ಎಂದು ಕೊಟ್ಟರೆ ಔಟ್‌ಪುಟ್‌ನಲ್ಲಿರುವ ಸಾಮಾನ್ಯ ಪದಗಳೂ ಕೀವರ್ಡ್‌ಗಳಂತೆ ಬಣ್ಣ ತಳೆಯುತ್ತವೆ. ಅಲ್ಲಿ ‘ಕನ್ಸೋಲ್’ ಲೆಕ್ಸರ್ ಸರಿ. ಪೈಥಾನಿನ ಇಂಟರಾಕ್ಟಿವ್ ಸೆಷನ್‌ಗೆ ‘ಪೈಕಾನ್’ ಎಂಬುದು ಬೇರೆಯೇ ಇದೆ.

ನಿಜವಾದ ಕೆಲಸ ಶುರುವಾಗುವುದು ನಮ್ಮದೇ ಕಾನ್ಫಿಗರೇಷನ್ ಭಾಷೆಗೆ ಲೆಕ್ಸರ್ ಇಲ್ಲದಾಗ. ಬರೆದುಕೊಳ್ಳುವುದು ಅಂದುಕೊಂಡಷ್ಟು ಕಷ್ಟವಲ್ಲ. ‘ರೆಜೆಕ್ಸ್‌ಲೆಕ್ಸರ್’ ಕ್ಲಾಸಿನಿಂದ ಒಂದು ಕ್ಲಾಸ್ ಮಾಡಿ, ಅದರಲ್ಲಿ ‘ಟೋಕನ್ಸ್’ ಎಂಬ ಡಿಕ್ಷನರಿ ಇಟ್ಟು, ‘ರೂಟ್’ ಎಂಬ ಸ್ಟೇಟಿನಿಂದ (ಆ ಹೊತ್ತಿಗೆ ಅನ್ವಯಿಸುವ ನಿಯಮಗಳ ಗುಂಪಿನಿಂದ) ಆರಂಭಿಸಬೇಕು. ಪ್ರತಿ ನಿಯಮದಲ್ಲಿ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿಯನ್ನು ಹುಡುಕುವ ಸೂತ್ರ), ಒಂದು ಟೋಕನ್ ಬಗೆ, ಬೇಕಿದ್ದರೆ ಮುಂದೆ ಹೋಗಬೇಕಾದ ಸ್ಟೇಟ್. ಪಟ್ಟಿಯಲ್ಲಿ ಮೊದಲು ಹೊಂದಿದ ನಿಯಮವೇ ಗೆಲ್ಲುತ್ತದೆ. ಉದ್ದದ ಹೊಂದಾಣಿಕೆಗೆ ಆದ್ಯತೆ ಏನಿಲ್ಲ. ಆದ್ದರಿಂದ ಎರಡು ಓರೆಗೆರೆಗಳ ಕಾಮೆಂಟ್ ನಿಯಮ, ಒಂದು ಓರೆಗೆರೆಯ ಭಾಗಾಕಾರದ ನಿಯಮಕ್ಕಿಂತ ಮೇಲೆ ಇರಬೇಕು. ಕೀವರ್ಡ್‌ಗಳನ್ನು ‘ವರ್ಡ್ಸ್’ ಫಂಕ್ಷನ್ನಿಗೆ ಕೊಟ್ಟು, ಸಫಿಕ್ಸ್ ಆಗಿ ಪದದ ಗಡಿಯ ಗುರುತು ಸೇರಿಸಿ. ಅದಿಲ್ಲದಿದ್ದರೆ ‘ಇನ್‌ಪುಟ್’ ಎಂಬ ಹೆಸರಿನ ಮೊದಲರ್ಧ ಮಾತ್ರ ‘ಇನ್’ ಕೀವರ್ಡಿನ ಬಣ್ಣದಲ್ಲಿ ಕಾಣುತ್ತದೆ.

ಹಲವು ಸಾಲುಗಳ ಕಾಮೆಂಟಿನಲ್ಲಿ ಎಡವಲು ಎರಡು ಕಾರಣಗಳಿವೆ. ಮೊದಲನೆಯದು, ರೆಜೆಕ್ಸ್‌ನ ಚುಕ್ಕಿ ಹೊಸ ಸಾಲಿನ ಅಕ್ಷರವನ್ನು ಹಿಡಿಯುವುದಿಲ್ಲ. ಲೆಕ್ಸರಿನಲ್ಲಿ ಮೊದಲೇ ಇರುವುದು ಮಲ್ಟಿಲೈನ್ ಫ್ಲ್ಯಾಗ್ ಮಾತ್ರ, ಚುಕ್ಕಿ ಹೊಸ ಸಾಲನ್ನೂ ಹಿಡಿಯುವಂತೆ ಮಾಡುವ ಡಾಟ್‌ಆಲ್ ಅಲ್ಲ. ಎರಡನೆಯದು ಇನ್ನೂ ಗುಟ್ಟಾಗಿ ಕಾಡುತ್ತದೆ. ಯಾವ ನಿಯಮವೂ ಹೊಂದದ ಅಕ್ಷರ ಸಿಕ್ಕರೆ ಲೆಕ್ಸರ್ ಅದಕ್ಕೆ ಎರರ್ ಟೋಕನ್ ಕೊಟ್ಟು ಮುಂದುವರಿಯುತ್ತದೆ. ಆದರೆ ಹಾಗೆ ಹೊಂದದ್ದು ಹೊಸ ಸಾಲಿನ ಅಕ್ಷರವೇ ಆಗಿದ್ದರೆ ಎರರ್ ತೋರಿಸದೆ ನೇರ ‘ರೂಟ್’ಗೆ ಮರಳುತ್ತದೆ. ಕಾಮೆಂಟಿನ ಮೊದಲ ಸಾಲಿಗೆ ಮಾತ್ರ ಬಣ್ಣ ಬಂದು, ಎರಡನೇ ಸಾಲಿನಿಂದ ಕೋಡಿನಂತೆ ಕಂಡರೆ ಕಾರಣ ಬಹುತೇಕ ಇದೇ. ಪರಿಹಾರ: ಕಾಮೆಂಟಿಗೆ ಬೇರೆ ಸ್ಟೇಟ್ ಮಾಡಿ, ನಕ್ಷತ್ರ ಮತ್ತು ಓರೆಗೆರೆ ಬಿಟ್ಟು ಉಳಿದೆಲ್ಲ ಅಕ್ಷರಗಳನ್ನು ಒಂದು ನಿಯಮದಲ್ಲಿ ನುಂಗಿಸಿ, ಮುಗಿಯುವ ಗುರುತಿಗೆ ಪಾಪ್ ಮಾಡಿಸಿ (ಹಿಂದಿನ ಸ್ಟೇಟಿಗೆ ಮರಳಿಸಿ), ಬಿಡಿಯಾಗಿ ಸಿಗುವ ನಕ್ಷತ್ರ ಅಥವಾ ಓರೆಗೆರೆಗೆ ಕೊನೆಯ ನಿಯಮ ಇಡಿ. ಸ್ಟ್ರಿಂಗಿಗೂ ಇದೇ ಕ್ರಮ. ಇಡೀ ಸ್ಟ್ರಿಂಗನ್ನು ಒಂದೇ ರೆಜೆಕ್ಸಿನಲ್ಲಿ ಹಿಡಿಯಲು ಹೋಗಿ ಪ್ಲಸ್ ಒಳಗೆ ಪ್ಲಸ್ ಇಟ್ಟರೆ, ಮುಚ್ಚದ ಉದ್ಧರಣ ಚಿಹ್ನೆ ಬಂದ ದಿನ ಬ್ಯಾಕ್‌ಟ್ರ್ಯಾಕಿಂಗ್‌ನಲ್ಲಿ (ಹಿಂದೆ ಸರಿದು ಬೇರೆ ಬೇರೆ ಹೊಂದಾಣಿಕೆಗಳನ್ನು ಮತ್ತೆ ಮತ್ತೆ ಪ್ರಯತ್ನಿಸುವುದರಲ್ಲಿ) ಸಿಕ್ಕಿ ಬಿಲ್ಡ್ ಅಲ್ಲೇ ನಿಂತುಬಿಡುತ್ತದೆ.

ಹೊಸ ಲೆಕ್ಸರನ್ನು ಇನ್‌ಸ್ಟಾಲ್ ಮಾಡದೆಯೇ ಪರೀಕ್ಷಿಸಬಹುದು. ‘ಪಿಗ್ಮೆಂಟೈಜ್’ ಕಮಾಂಡಿಗೆ ಸಣ್ಣಕ್ಷರದ ಎಕ್ಸ್ ಆಯ್ಕೆ ಕೊಟ್ಟು, ಲೆಕ್ಸರ್ ಹೆಸರಿನ ಜಾಗದಲ್ಲಿ ಫೈಲಿನ ದಾರಿ, ಕೋಲನ್, ಕ್ಲಾಸಿನ ಹೆಸರು ಬರೆದರೆ ಸಾಕು. ಆ ಫೈಲಿನ ಪೈಥಾನ್ ಕೋಡ್ ನಿಜವಾಗಿಯೂ ಓಡುತ್ತದೆ, ಹಾಗಾಗಿ ಪರಿಚಯವಿಲ್ಲದವರ ಲೆಕ್ಸರನ್ನು ಹೀಗೆ ಓಡಿಸಬೇಡಿ. ಬಣ್ಣ ನೋಡಿ ತಪ್ಪು ಹುಡುಕುವುದಕ್ಕಿಂತ ‘ರಾ’ ಫಾರ್ಮ್ಯಾಟರ್ ಒಳ್ಳೆಯದು: ಟೋಕನ್‌ಗಳನ್ನು ಸಾಲಾಗಿ ಪಟ್ಟಿ ಮಾಡುತ್ತದೆ. ಬಿಲ್ಡ್‌ನಲ್ಲಿ ‘ರೇಸ್ ಆನ್ ಎರರ್’ ಫಿಲ್ಟರ್ ಹಾಕಿದರೆ ಎರರ್ ಟೋಕನ್ ಸಿಕ್ಕಕೂಡಲೇ ಕೆಲಸ ನಿಲ್ಲುತ್ತದೆ, ಕೆಂಪು ಚೌಕಟ್ಟಿನ ಅಕ್ಷರಗಳು ಓದುಗರವರೆಗೆ ಹೋಗುವುದಿಲ್ಲ.

ಬಣ್ಣಗಳ ವಿಷಯ ಸರಳ. ದೊಡ್ಡಕ್ಷರದ ಎಸ್ ಆಯ್ಕೆ ಸ್ಟೈಲಿನ ಸಿಎಸ್‌ಎಸ್ ಕೊಡುತ್ತದೆ. ತಿಳಿ ಮತ್ತು ಗಾಢ ಎರಡೂ ಹಿನ್ನೆಲೆ ಬೇಕಿದ್ದರೆ ಎರಡು ಸ್ಟೈಲ್‌ಗಳನ್ನೂ ಪ್ರತ್ಯೇಕ ಮೀಡಿಯಾ ಕ್ವೆರಿಯೊಳಗೆ ಇಡಿ. ಒಂದನ್ನು ಹೊರಗೆ ಬಿಟ್ಟರೆ, ಅದರಲ್ಲಿದ್ದು ಇನ್ನೊಂದರಲ್ಲಿಲ್ಲದ ದಪ್ಪ ಅಥವಾ ಓರೆ ಅಕ್ಷರದ ನಿಯಮಗಳು ಸೋರಿಬರುತ್ತವೆ. ಕಾಮೆಂಟಿನ ಬೂದು ಬಣ್ಣ ಹಲವು ಸ್ಟೈಲ್‌ಗಳಲ್ಲಿ ತೀರ ಮಂಕು. ಹಿನ್ನೆಲೆಯೊಂದಿಗೆ ಕನಿಷ್ಠ 4.5:1 ಕಾಂಟ್ರಾಸ್ಟ್ ಬರುವಂತೆ ನಾನೇ ಬದಲಿಸುತ್ತೇನೆ. ಇಮೇಲಿಗೆ ಹೋಗುವ ಕೋಡಾದರೆ ‘ನೋಕ್ಲಾಸಸ್’ ಆಯ್ಕೆ ಹಾಕಿ, ಬಣ್ಣ ಪ್ರತಿ ಟ್ಯಾಗಿನೊಳಗೇ ಕೂರುತ್ತದೆ.

ಸಾಲಿನ ಸಂಖ್ಯೆಗೆ ‘ಟೇಬಲ್’ ರೂಪ ಆರಿಸಿದರೆ ಕೋಡನ್ನು ಮಾತ್ರ ಕಾಪಿ ಮಾಡಬಹುದು, ಆದರೆ ಉದ್ದ ಸಾಲುಗಳು ಮಡಿಸಿಕೊಂಡರೆ ಸಂಖ್ಯೆಗಳು ಜಾರುತ್ತವೆ. ಅದಕ್ಕೆ ಮಡಿಸಲು ಬಿಡದೆ ಅಡ್ಡ ಸ್ಕ್ರಾಲ್ ಕೊಡುವುದೇ ವಾಸಿ. ಫೈಲಿನ ಆರಂಭದಲ್ಲಿ ಖಾಲಿ ಸಾಲುಗಳಿದ್ದರೆ ‘ಸ್ಟ್ರಿಪ್‌ಎನ್‌ಎಲ್’ ಅವನ್ನು ತಾನಾಗಿ ಕತ್ತರಿಸುವುದರಿಂದ ಮುಂದಿನ ಸಂಖ್ಯೆಗಳೆಲ್ಲ ಮೂಲ ಫೈಲಿಗೆ ತಾಳೆಯಾಗುವುದಿಲ್ಲ. ಅದನ್ನು ಆಫ್ ಮಾಡಿ. ‘ಎಚ್‌ಎಲ್ ಲೈನ್ಸ್’ ಆಯ್ಕೆಗೆ ಕೊಡುವ ಸಂಖ್ಯೆ ತುಣುಕಿನ ಮೊದಲ ಸಾಲನ್ನು 1 ಎಂದು ಎಣಿಸುತ್ತದೆ, ಸಂಖ್ಯೆಯನ್ನು 120ರಿಂದ ತೋರಿಸಿದರೂ ಸಹ.

ಪಿಡಿಎಫ್‌ಗೆ ಲೇಟೆಕ್‌ನ ಮಿಂಟೆಡ್ ಪ್ಯಾಕೇಜ್ ಸಾಕು. ಒಳಗೆ ಓಡುವುದು ಪಿಗ್ಮೆಂಟ್ಸೇ. ಹಳೆಯ ಆವೃತ್ತಿಗಳಿಗೆ ಶೆಲ್ ಎಸ್ಕೇಪ್ ಅನುಮತಿ (ಲೇಟೆಕ್ ಹೊರಗಿನ ಕಮಾಂಡ್ ಓಡಿಸಲು ಬೇಕಾದದ್ದು) ಬೇಕು. ಟರ್ಮಿನಲಿನಲ್ಲಿ ಸುಮ್ಮನೆ ಓದಲು, ಫೈಲನ್ನು ಬಣ್ಣದೊಂದಿಗೆ ತೋರಿಸುವ ಬ್ಯಾಟ್ ಎಂಬ ಕಮಾಂಡ್ ಬಳಸುತ್ತೇನೆ. ಡೆಬಿಯನ್‌ನಲ್ಲಿ ಅದರ ಕಮಾಂಡಿನ ಹೆಸರು ‘ಬ್ಯಾಟ್‌ಕ್ಯಾಟ್’.

ಪಿಗ್ಮೆಂಟ್ಸ್ ಆವೃತ್ತಿಯನ್ನು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಗಟ್ಟಿ ಮಾಡಿ ಇಡಿ. ಹೊಸ ಆವೃತ್ತಿಯಲ್ಲಿ ಲೆಕ್ಸರ್‌ಗಳು ಕೊಡುವ ಟೋಕನ್ ಬಗೆಗಳು ಬದಲಾಗುವುದುಂಟು. ಅಪ್‌ಗ್ರೇಡ್ ಮಾಡಿದಾಗ ಸಿಎಸ್‌ಎಸ್ ಮತ್ತೆ ತೆಗೆಯಿರಿ, ‘ರಾ’ ಔಟ್‌ಪುಟ್‌ನ ಹಳೆಯ ಪ್ರತಿಯೊಂದಿಗೆ ಡಿಫ್ ಹಾಕಿ ನೋಡಿ, ಆಮೇಲೆ ಪುಟಗಳನ್ನು ಬಿಲ್ಡ್ ಮಾಡಿ.