ಕ್ಲೀನ್ ಮಾಡಿದ ಮೇಲೆ ರಿಸ್ಟೋರ್ ಪಾಯಿಂಟ್ ಕಾಣುತ್ತಿಲ್ಲವೇ?

ಹಾಸನದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆ ಕೆಲಸವೇ ಜಾಸ್ತಿ. ಅರಕಲಗೂಡು ಕಡೆಯವರೊಬ್ಬರು ಮುನ್ನೂರು ಪತ್ರಿಕೆ ಹೇಳಿದ್ದರು. ‘ಬೆಳಿಗ್ಗೆ ಅರಿಶಿನ ಹಚ್ಚಿ ದೇವರ ಮುಂದಿಡಬೇಕು, ತಡ ಮಾಡಬೇಡಿ’ ಎಂದಿದ್ದರು. ಹಿಂದಿನ ಸಂಜೆ ಪ್ರಿಂಟರ್ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್, ಅಪ್‌ಡೇಟ್ ಆಯಿತು. ಅಲ್ಲಿಂದ ಹಾಳೆಯ ಅರ್ಧ ಮಾತ್ರ ಅಚ್ಚಾಗತೊಡಗಿತು. ವಧುವಿನ ಹೆಸರು ಬರುತ್ತದೆ, ಮುಹೂರ್ತ, ಸ್ಥಳ ಎಲ್ಲ ಖಾಲಿ.

ನಿನ್ನೆ ಇದ್ದ ಹಾಗೆ ಮಾಡಿಕೊಂಡರಾಯಿತು ಎಂದು ಸಿಸ್ಟಮ್ ರಿಸ್ಟೋರ್ ತೆರೆದೆ. ಸಿಸ್ಟಮ್ ಡ್ರೈವ್‌ನಲ್ಲಿ ಯಾವ ರಿಸ್ಟೋರ್ ಪಾಯಿಂಟೂ (ವಾಪಸ್ ಹೋಗಲು ವಿಂಡೋಸ್ ಉಳಿಸಿಟ್ಟ ಹಳೆಯ ಸ್ಥಿತಿ) ಇಲ್ಲ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು. ಹೋದ ವಾರವಷ್ಟೇ ಅಲ್ಲಿ ನಾಲ್ಕೈದು ದಿನಾಂಕ ನೋಡಿದ್ದೆ. ನಡುವೆ ನಡೆದದ್ದು ಒಂದೇ. ಸಿ ಡ್ರೈವ್ ತುಂಬಿತೆಂದು ಒಂದು ಕ್ಲೀನಿಂಗ್ ಸಾಫ್ಟ್‌ವೇರ್ ಹಾಕಿ, ಕಂಡ ಚೌಕಕ್ಕೆಲ್ಲ ಟಿಕ್ ಮಾಡಿದ್ದೆ.

ನಿಮಗೂ ಹೀಗಾಗಿದ್ದರೆ ಮೊದಲು ನಿಜವಾಗಿಯೂ ಹೋಗಿದೆಯಾ ನೋಡಿಕೊಳ್ಳಿ. ಸ್ಟಾರ್ಟ್ ಒತ್ತಿ, ಹುಡುಕುವ ಜಾಗದಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ತೆರೆಯುವ ಕಿಟಕಿಯಲ್ಲಿ ಸಿಸ್ಟಮ್ ರಿಸ್ಟೋರ್ ಗುಂಡಿ ಇದೆ. ಪಟ್ಟಿಯಲ್ಲಿ ಒಂದೇ ದಿನಾಂಕ ಕಂಡರೆ ಕೆಳಗೆ ‘ಶೋ ಮೋರ್ ರಿಸ್ಟೋರ್ ಪಾಯಿಂಟ್ಸ್’ ಎಂಬ ಚೌಕ ಇದೆಯಾ ಎಂದು ನೋಡಿ, ಟಿಕ್ ಮಾಡಿ. ಹಳೆಯವು ಇದ್ದರೆ ಅಲ್ಲೇ ಬರುತ್ತವೆ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಅಲ್ವಾ? ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಶುರು ಮಾಡಲೇಬೇಡಿ. ಮಧ್ಯದಲ್ಲಿ ನಿಂತರೆ ವಿಂಡೋಸೇ ಏಳದೆ ಹೋಗಬಹುದು.

ಪಟ್ಟಿ ಪೂರ್ತಿ ಖಾಲಿ ಇದ್ದರೆ ಹುಡುಕಿ ಸಮಯ ಕಳೆಯಬೇಡಿ. ಇವು ರೀಸೈಕಲ್ ಬಿನ್‌ಗೆ ಹೋಗುವಂಥವಲ್ಲ. ಅಳಿಸಿದ ಫೋಟೊ ವಾಪಸ್ ತರುವ ಸಾಫ್ಟ್‌ವೇರ್‌ಗಳಿಂದಲೂ ಇಲ್ಲಿ ಕೆಲಸ ಆಗುವುದಿಲ್ಲ.

ಯಾಕೆ ಎಂದು ತಿಳಿಯಲು ಇದು ಕೆಲಸ ಮಾಡುವ ರೀತಿ ಗೊತ್ತಿರಬೇಕು. ರಿಸ್ಟೋರ್ ಪಾಯಿಂಟ್ ಎಂದರೆ ಇಡೀ ಡಿಸ್ಕಿನ ನಕಲು ಅಲ್ಲ. ಕಾಫಿ ತೋಟದ ರೈಟರು ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಿದ್ದುವ ಮೊದಲು ಹಳೆಯ ಅಂಕಿಯನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಂಡ ಹಾಗೆ ಇದು. ಡಿಸ್ಕಿನಲ್ಲಿ ಏನಾದರೂ ಬದಲಾಗುವ ಮುಂಚೆ, ಅಲ್ಲಿದ್ದ ಹಳೆಯದನ್ನು ವಿಂಡೋಸ್ ಪಕ್ಕಕ್ಕೆ ಎತ್ತಿಡುತ್ತದೆ. ಇಡುವುದು ಅದೇ ಡ್ರೈವ್‌ನಲ್ಲಿ, ನಮ್ಮ ಕಣ್ಣಿಗೆ ಬೀಳದ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಫೋಲ್ಡರ್‌ನಲ್ಲಿ. ಚೀಟಿಗಳು ಹೋದರೆ ಹಳೆಯ ಲೆಕ್ಕ ಕಟ್ಟಲು ಬೇರೆ ದಾರಿ ಇಲ್ಲ.

ಕ್ಲೀನಿಂಗ್‌ನಿಂದ ಈ ಚೀಟಿಗಳು ಹೋಗುವುದು ಎರಡು ರೀತಿಯಲ್ಲಿ. ಒಂದು, ನೇರವಾಗಿ ಅಳಿಸುವುದು. ವಿಂಡೋಸ್‌ನ ಡಿಸ್ಕ್ ಕ್ಲೀನಪ್‌ನಲ್ಲೇ ‘ಮೋರ್ ಆಪ್ಶನ್ಸ್’ ಎಂಬಲ್ಲಿ ಈ ಗುಂಡಿ ಇದೆ. ಅದು ಕೊನೆಯದೊಂದನ್ನು ಉಳಿಸಿ ಮಿಕ್ಕಿದ್ದೆಲ್ಲ ತೆಗೆಯುತ್ತದೆ. ಒಂದು ಉಳಿಯಿತಲ್ಲ ಎಂದು ನೆಮ್ಮದಿಯಾಗಬೇಡಿ. ತೊಂದರೆ ಶುರುವಾದ ಮೇಲೆ ಆದ ಪಾಯಿಂಟ್ ಅದಾಗಿದ್ದರೆ ಏನೂ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಅದರ ಹಿಂದಿನದು. ಎರಡನೆಯದು, ಕ್ಲೀನಿಂಗ್ ಸಾಫ್ಟ್‌ವೇರ್‌ಗಳಲ್ಲಿರುವ ‘ವೈಪ್ ಫ್ರೀ ಸ್ಪೇಸ್’. ಹೆಸರು ನೋಡಿದರೆ ಖಾಲಿ ಜಾಗ ಒರೆಸುತ್ತದೆ, ಅಷ್ಟೇ ಅನ್ನಿಸುತ್ತದೆ. ಆದರೆ ಒರೆಸಲು ಅದು ಖಾಲಿ ಜಾಗದ ತುಂಬ ಏನೇನೋ ಬರೆಯುತ್ತದೆ. ಡ್ರೈವ್ ಭರ್ತಿಯಾಯಿತೆಂದು ವಿಂಡೋಸ್ ತಾನೇ ರಿಸ್ಟೋರ್ ಪಾಯಿಂಟ್‌ಗಳನ್ನು ಬಿಟ್ಟುಬಿಡುತ್ತದೆ. ಈ ಚೌಕಕ್ಕೆ ಸುಮ್ನೆ ಟಿಕ್ ಹಾಕಬೇಡಿ.

ಇನ್ನು ಆಗಿರುವ ತೊಂದರೆ ಸರಿಮಾಡುವುದು. ಡ್ರೈವರ್‌ನಿಂದ ಆಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಲು ಬರುತ್ತದೆಯೇ ನೋಡಿ. ನನಗೆ ಆ ದಾರಿ ಸಿಗಲಿಲ್ಲ. ಪ್ರಿಂಟರನ್ನೇ ತೆಗೆದುಹಾಕಿ, ಅಟ್ಟದ ಮೇಲಿದ್ದ ಡಬ್ಬದಿಂದ ಹಳೆಯ ಸಿಡಿ ಹುಡುಕಿ ಹಾಕಿದೆ. ಮುನ್ನೂರನೆಯ ಪತ್ರಿಕೆ ಹೊರಬಂದಾಗ ರಾತ್ರಿ ಎರಡು ಗಂಟೆ. ವಿಂಡೋಸ್ ಅಪ್‌ಡೇಟ್‌ನಿಂದ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಹಿಸ್ಟರಿಗೆ ಹೋಗಿ ಅದನ್ನು ತೆಗೆಯಬಹುದು. ‘ರೀಸೆಟ್ ದಿಸ್ ಪಿಸಿ’ ಕಡೆಯ ದಾರಿ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಫೈಲ್ ಉಳಿಯುತ್ತವೆ, ಆದರೆ ನುಡಿ, ಟ್ಯಾಲಿಯಂಥ ಸಾಫ್ಟ್‌ವೇರ್ ಎಲ್ಲವನ್ನೂ ಮತ್ತೆ ಹಾಕಿಕೊಳ್ಳಬೇಕು.

ತೊಂದರೆ ಸರಿಹೋದ ದಿನವೇ ಹೊಸ ಪಾಯಿಂಟ್ ಮಾಡಿಕೊಳ್ಳಿ. ಮೊದಲು ಹೇಳಿದ ಅದೇ ಕಿಟಕಿಯಲ್ಲಿ ಸಿ ಡ್ರೈವ್ ಮುಂದೆ ‘ಆನ್’ ಎಂದಿರಬೇಕು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ‘ಆಫ್’ ಇರುತ್ತದೆ, ಯಾರೂ ಗಮನಿಸುವುದಿಲ್ಲ. ‘ಕಾನ್ಫಿಗರ್’ ಒತ್ತಿ ಆನ್ ಮಾಡಿ. ಕೆಳಗಿನ ಸ್ಲೈಡರ್ ಎಳೆದು ಎಷ್ಟು ಜಾಗ ಕೊಡಬೇಕೆಂದು ಹೇಳಿ. 256 ಜಿಬಿ ಡಿಸ್ಕಿಗೆ ಶೇ 5 ಅಂದರೆ ಸುಮಾರು 12 ಜಿಬಿ ಆಗುತ್ತದೆ. ನನ್ನ ಕೆಲಸಕ್ಕೆ ಅಷ್ಟು ಸಾಕು. ಪಕ್ಕದಲ್ಲೇ ಎಲ್ಲ ಪಾಯಿಂಟ್ ಅಳಿಸುವ ‘ಡಿಲೀಟ್’ ಗುಂಡಿ ಇದೆ, ಕೈ ತಪ್ಪೀತು, ಜೋಪಾನ. ಒಮ್ಮೆ ಆಫ್ ಮಾಡಿದರೂ ಇದ್ದದ್ದೆಲ್ಲ ಹೋಗುತ್ತದೆ.

ಇವು ಎಂದೆಂದಿಗೂ ಉಳಿಯುವುದಿಲ್ಲ ಎನ್ನುವುದೂ ನೆನಪಿರಲಿ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 2025ರ ಜೂನ್ ಅಪ್‌ಡೇಟ್ ನಂತರ ಹೆಚ್ಚೆಂದರೆ 60 ದಿನ. ಮತ್ತೆ, ರಿಸ್ಟೋರ್ ಪಾಯಿಂಟ್ ನಿಮ್ಮ ಫೋಟೊ, ಪತ್ರಗಳನ್ನು ಕಾಯುವುದಿಲ್ಲ. ಅವುಗಳಿಗೆ ಬೇರೆ ಹಾರ್ಡ್ ಡಿಸ್ಕ್ ಬೇಕೇ ಬೇಕು.

ಕೊನೆಗೆ ‘ಕ್ರಿಯೇಟ್’ ಒತ್ತಿದರೆ ಒಂದು ಹೆಸರು ಕೇಳುತ್ತದೆ. ದಿನಾಂಕ ಬರೆಯಬೇಕಿಲ್ಲ, ಅದನ್ನು ವಿಂಡೋಸೇ ಹಾಕಿಕೊಳ್ಳುತ್ತದೆ. ಏನು ಮಾಡುವ ಮುಂಚೆ ಇದನ್ನು ಮಾಡಿದಿರಿ ಎಂದು ಬರೆಯಿರಿ. ನನ್ನ ಕಂಪ್ಯೂಟರ್‌ನಲ್ಲಿ ಈಗ ಮೂರಿವೆ: ‘ನುಡಿ ಹಾಕುವ ಮುಂಚೆ’, ‘ಹೊಸ ಪ್ರಿಂಟರ್‌ಗೆ ಮುಂಚೆ’, ‘ಕ್ಲೀನ್ ಮಾಡುವ ಮುಂಚೆ’.