ಮೌಸ್ ಪದೇ ಪದೇ ನಿಲ್ಲುತ್ತಿದೆಯೇ? ಮೊದಲು ಡಾಂಗಲ್‌ನ ಜಾಗ ಬದಲಿಸಿ

ನನ್ನ ತಮ್ಮ ಮಂಗಳೂರಿನ ಬಿಜೈಯಲ್ಲಿ ಮದುವೆ ಫೋಟೊಗಳ ಎಡಿಟಿಂಗ್ ಮಾಡುತ್ತಾನೆ. ಕಳೆದ ಮಳೆಗಾಲದಲ್ಲಿ ಅವನ ವೈರ್‌ಲೆಸ್ ಮೌಸ್ ದಿನಕ್ಕೆ ಹತ್ತು ಸಲ ನಿಲ್ಲುತ್ತಿತ್ತು. ಸೆಲ್ ಬದಲಿಸಿದ. ಹೊಸ ಮೌಸನ್ನೇ ತಂದ. ಅದೂ ಹಾಗೆಯೇ. ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿದಾಗ ಗುಟ್ಟು ಸಿಕ್ಕಿತು. ಹಾರ್ಡ್‌ಡಿಸ್ಕಿಗೆ ಫೋಟೊ ಕಾಪಿ ಆಗುವಾಗ ಮಾತ್ರ ಮೌಸ್ ನಿಲ್ಲುತ್ತಿತ್ತು, ಕಾಪಿ ಮುಗಿದ ಕೂಡಲೇ ಓಡುತ್ತಿತ್ತು. ಡಾಂಗಲ್, ಅಂದರೆ ಮೌಸ್‌ನ ಸಿಗ್ನಲ್ ಹಿಡಿಯಲು ಯುಎಸ್‌ಬಿ ಪೋರ್ಟಿಗೆ ಹಾಕುವ ಪುಟ್ಟ ರಿಸೀವರ್, ಇದ್ದದ್ದು ಆ ಹಾರ್ಡ್‌ಡಿಸ್ಕಿನ ಮಗ್ಗುಲಲ್ಲೇ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಡಾಂಗಲ್ ಎಲ್ಲಿದೆ ನೋಡಿ. ಮೌಸ್ ಮತ್ತು ಡಾಂಗಲ್ ಮಾತಾಡಿಕೊಳ್ಳುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ಯುಎಸ್‌ಬಿ 3.0 ಪೋರ್ಟಿಗೆ ಹಾಕಿದ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಕೆಲಸ ಮಾಡುವಾಗ ಅದೇ ಅಲೆಯ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿ 2012ರಲ್ಲಿ ಇದನ್ನು ಅಳೆದು ವರದಿಯನ್ನೇ ಪ್ರಕಟಿಸಿತ್ತು. ಒಳಗೆ ನೀಲಿ ಬಣ್ಣವಿರುವ ಪೋರ್ಟ್ ಸಾಮಾನ್ಯವಾಗಿ 3.0. ಡಾಂಗಲನ್ನು ಅಲ್ಲಿಂದ ತೆಗೆದು ಕಪ್ಪು ಅಥವಾ ಬಿಳಿ ಪೋರ್ಟಿಗೆ, ಸಾಧ್ಯವಾದರೆ ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಸಿಪಿಯು ಹಿಂಭಾಗ ಬೇಡ. ಮೇಜಿನಡಿಯ ಕಬ್ಬಿಣದ ಪೆಟ್ಟಿಗೆಯೇ ಸಿಗ್ನಲ್‌ಗೆ ಅಡ್ಡ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಮೌಸ್‌ನಿಂದ ಒಂದಡಿ ದೂರದಲ್ಲಿ ಇಡಿ. ತಮ್ಮನ ತೊಂದರೆ ಅಷ್ಟಕ್ಕೇ ಮುಗಿಯಿತು.

ವೈಫೈ ರೂಟರ್ ಪಕ್ಕದಲ್ಲೇ ಇದ್ದರೆ ಅದನ್ನೂ ಸರಿಸಿ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೇ ಜೋಡಿಸಿ.

ಇನ್ನು ಸೆಲ್. ನಮ್ಮ ಕರಾವಳಿಯವರು ಇಲ್ಲಿ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ಪಣಂಬೂರು, ಉಳ್ಳಾಲ, ಮಲ್ಪೆಯಂಥ ಕಡೆ ಗಾಳಿಯಲ್ಲೇ ಉಪ್ಪಿನಂಶ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಬೇರೆ. ಸೆಲ್ ಹೊಸದಾದರೂ ಅದು ತಾಗುವ ಸ್ಪ್ರಿಂಗ್ ಮತ್ತು ತಗಡಿನ ಮೇಲೆ ತುಕ್ಕು, ಕಿಲುಬು ಕೂತರೆ ಕರೆಂಟ್ ಬಿಟ್ಟು ಬಿಟ್ಟು ಹರಿಯುತ್ತದೆ. ಮೌಸನ್ನು ಮೆಲ್ಲಗೆ ತಟ್ಟಿದಾಗ ಸರಿಯಾದರೆ ಅನುಮಾನ ಇದರ ಮೇಲೆಯೇ ಇರಲಿ.

ಸೆಲ್ ತೆಗೆದು, ತಗಡನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಪುಡಿ ಒಳಗೆ ಬೀಳದಂತೆ ಮೌಸನ್ನು ಬಗ್ಗಿಸಿ ಹಿಡಿಯಿರಿ. ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ ಎಂದರ್ಥ. ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ. ಆದ್ದರಿಂದ ಇಯರ್‌ಬಡ್ಡಿನ ತುದಿಗೆ ಒಂದೇ ಹನಿ ಲಿಂಬೆಹುಳಿ ರಸ ತಾಗಿಸಿ ಒರೆಸಿದರೆ ಬಿಡುತ್ತದೆ. ಆಮೇಲೆ ಮೆಡಿಕಲ್‌ನಲ್ಲಿ ಸಿಗುವ ಸ್ಪಿರಿಟ್‌ನಿಂದ ಒರೆಸಲೇಬೇಕು. ಹುಳಿ ಉಳಿದರೆ ತಗಡನ್ನು ಅದೇ ತಿನ್ನುತ್ತದೆ. ಫ್ಯಾನಿನಡಿ ಚೆನ್ನಾಗಿ ಒಣಗಿಸಿ ಸೆಲ್ ಹಾಕಿ. ಎರಡು ಸೆಲ್ಲಿನ ಮೌಸ್ ಆದರೆ ಒಂದು ಹಳೆಯದು, ಒಂದು ಹೊಸದು ಬೇಡ ಮಾರಾಯ್ರೇ, ಸೋರುವುದೇ ಹೆಚ್ಚಾಗಿ ಹಾಗೆ.

ಸ್ವಲ್ಪ ಹೊತ್ತು ಸುಮ್ನೆ ಬಿಟ್ಟ ಮೇಲಷ್ಟೇ ಮೌಸ್ ಕೈಕೊಡುತ್ತದೆಯೇ? ಒಂದು ಕ್ಲಿಕ್ಕಿಗೆ ಎದ್ದರೆ ಅದು ಸೆಲ್ ಉಳಿಸಲು ನಿದ್ದೆ ಮಾಡಿದ್ದು, ದೋಷವಲ್ಲ. ಏಳದಿದ್ದರೆ ವಿಂಡೋಸ್ ಪೋರ್ಟಿನ ಕರೆಂಟ್ ಕಡಿತ ಮಾಡುತ್ತಿರಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೆಳಗೆ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಒಳಗೆ ಯುಎಸ್‌ಬಿ ರೂಟ್ ಹಬ್ ಇರುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ರೂಟ್ ಹಬ್ ಎಷ್ಟಿವೆಯೋ ಅಷ್ಟಕ್ಕೂ ಹೀಗೇ ಮಾಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟ ಕಾಣುವುದಿಲ್ಲ.

ಬ್ಲೂಟೂತ್ ಮೌಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದುಹಾಕಿ ಮತ್ತೆ ಜೋಡಿಸಿ ನೋಡಿ.

ಇಷ್ಟಾದರೂ ಸರಿಯಾಗದಿದ್ದರೆ ಮೌಸ್ ಮತ್ತು ಡಾಂಗಲ್ ಎರಡನ್ನೂ ಬೇರೆ ಕಂಪ್ಯೂಟರಿಗೆ ಹಾಕಿ ಅರ್ಧ ಗಂಟೆ ಬಳಸಿ. ಅಲ್ಲಿ ಚೆನ್ನಾಗಿ ಓಡಿದರೆ ದೋಷ ನಿಮ್ಮ ಕಂಪ್ಯೂಟರಿನದ್ದು. ಅಲ್ಲೂ ನಿಂತರೆ ಬಿಲ್ ಹುಡುಕಿ, ವಾರಂಟಿ ಇದೆಯೇ ನೋಡಿ. ಅಂಗಡಿಗೆ ಹೋಗುವಾಗ ಡಾಂಗಲ್ ಮರೆಯಬೇಡಿ.