ಮಳೆ ಪುಸ್ತಕದಲ್ಲಿ ಬಿಪಿ ಲೆಕ್ಕ: ನಾಲ್ಕು ಮಳೆಗಾಲದ ನನ್ನ ಅನುಭವ

ನಮ್ಮ ಕೊಡಗಿನ ಕಡೆ ಕಾಫಿ ತೋಟ ಇದ್ದವರ ಮನೆಯಲ್ಲಿ ಒಂದು ಮಳೆ ಪುಸ್ತಕ ಇದ್ದೇ ಇರುತ್ತದೆ. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು, ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆಯುವುದು. ನಮ್ಮಲ್ಲಿ ಅಜ್ಜನ ಕಾಲದ ಪುಸ್ತಕಗಳೂ ಇವೆ. 2021ರ ನವೆಂಬರಿನಿಂದ ನಾನು ಅದೇ ಸಾಲಿನಲ್ಲಿ, ಮಳೆಯ ಪಕ್ಕದಲ್ಲೇ, ನನ್ನ ಬಿಪಿಯನ್ನೂ ಬರೆಯುತ್ತಾ ಬಂದೆ. ನೋಡಿದವರೆಲ್ಲ ನಕ್ಕರು. "ಬಿಪಿ ನೋಡ್ತಾ ಕೂತ್ರೆ ಇಲ್ಲದ ಬಿಪಿಯೂ ಬರ್ತದೆ ಮಾರಾಯ" ಅಂದರು ನನ್ನ ಬಾವ. ಈ ವರ್ಷದ ಮಳೆಗಾಲ ಮುಗಿಯಿತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬಿಪಿ ಒಂದು ವಾರವೂ 130 ದಾಟಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ರಕ್ತದ ಕೊಬ್ಬು ನೋಡುವ ಲಿಪಿಡ್ ಪ್ರೊಫೈಲ್ ಟೆಸ್ಟ್ ಅಂದರೆ ಏನು, ಬಿಪಿ ಮಿಷನ್ ಹೇಗೆ ಕಟ್ಟುವುದು ಅಂತೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ಅಪ್ಪ ಹೋದದ್ದು 1998ರ ಜನವರಿಯಲ್ಲಿ, ರೋಬಸ್ಟಾ ಕಾಫಿ ಕುಯ್ಲಿನ ಹೊತ್ತು. ಅವರಿಗೆ 52. ರಾತ್ರಿ ಊಟ ಆದ ಮೇಲೆ ಎದೆ ಉರಿ, ಬೆನ್ನು ನೋವು ಅಂದರು. ಗ್ಯಾಸ್ ಇರಬೇಕು ಅಂತ ಸೋಡಾ ಕೊಟ್ಟೆವು, ಬೆನ್ನಿಗೆ ಎಣ್ಣೆ ತಿಕ್ಕಿದೆವು. ಬೆವರು ಮಾತ್ರ ನಿಲ್ಲಲಿಲ್ಲ. ಆ ಚಳಿಯಲ್ಲೂ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಬೆಳಗಾಗಲಿ ಅಂತ ಕಾದೆವು. ಮೈಸೂರಿಗೆ ಹೊರಟ ಜೀಪು ಹುಣಸೂರು ದಾಟುವಾಗ ಎಲ್ಲ ಮುಗಿದಿತ್ತು.

ಅದಾದ ಮೇಲೂ ನಾನು 23 ವರ್ಷ ಸುಮ್ನೆ ಇದ್ದೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದರು, 46ನೇ ವಯಸ್ಸಿಗೆ. ನನಗೆ ಆಗ 47. ಅದಾದ ವಾರ ಊರೂರಲ್ಲಿ ಜನ ಇಸಿಜಿ ಮಾಡಿಸಲು ಸಾಲು ನಿಂತರು, ಆ ಸಾಲಿನಲ್ಲಿ ನಾನೂ ನಿಂತೆ. ಇಸಿಜಿ ಸರಿಯಾಗಿತ್ತು. ಬಿಪಿ 158/96, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 168. ತಂದೆಗೆ 55ಕ್ಕೆ ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಮಕ್ಕಳ ಲೆಕ್ಕವೇ ಬೇರೆ ಅಂತ ಡಾಕ್ಟರ್ ಆ ದಿನವೇ ಹೇಳಿದರು.

ಮೊದಲ ವರ್ಷ ಕಳೆದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ತಲೆಯಿಂದ ಕಾಲಿನವರೆಗಿನ ಚೆಕಪ್ ಪ್ಯಾಕೇಜ್, ಸುಮಾರು 9 ಸಾವಿರ. ಅದರಲ್ಲಿ ಆಮೇಲೆ ಕೆಲಸಕ್ಕೆ ಬಂದದ್ದು ನಾಲ್ಕೈದು ಟೆಸ್ಟ್ ಮಾತ್ರ. ಮಣಿಕಟ್ಟಿಗೆ ಕಟ್ಟುವ ಬಿಪಿ ಮಿಷನ್, 1,900. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಸಾಕು, ಹದಿನೈದು ಇಪ್ಪತ್ತು ಪಾಯಿಂಟ್ ಹೆಚ್ಚುಕಮ್ಮಿ ತೋರಿಸುತ್ತಿತ್ತು. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ ಕ್ಯಾಪ್ಸೂಲ್, ಎಲ್ಲ ಸೇರಿ ಒಂದು 6 ಸಾವಿರ. ದೊಡ್ಡ ಪೆಟ್ಟು ಟ್ರೆಡ್‌ಮಿಲ್‌ದು, 42 ಸಾವಿರ. ಮಳೆಗಾಲದಲ್ಲಿ ಹೊರಗೆ ನಡೆಯಲು ಆಗುವುದಿಲ್ಲ ಅಂತಲೇ ತಂದದ್ದು. ಆದರೆ ಜುಲೈಯಲ್ಲಿ ನಮ್ಮಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ, ಜನರೇಟರ್ ಹಾಕಿ ನಡೆದರೆ ಡೀಸೆಲ್ ಖರ್ಚು ಬೇರೆ. ಎರಡನೇ ವರ್ಷ 15 ಸಾವಿರಕ್ಕೆ ಕೊಟ್ಟುಬಿಟ್ಟೆ.

ತೋಳಿಗೆ ಕಟ್ಟುವ ಮಿಷನ್ ತಂದ ಮೇಲೂ ಒಂದು ತಪ್ಪು ಉಳಿದಿತ್ತು, ಪಟ್ಟಿಯದು. ನನ್ನ ತೋಳು ದಪ್ಪ, ಮಿಷನ್ ಜೊತೆ ಬಂದ ಪಟ್ಟಿ ಚಿಕ್ಕದು. ಚಿಕ್ಕ ಪಟ್ಟಿಯಲ್ಲಿ ಬಿಪಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ದೊಡ್ಡ ಪಟ್ಟಿ ಬೇರೆ ತರಿಸಿದೆ, 900 ರೂಪಾಯಿ ಇರಬೇಕು, ಮೊದಲ ದಿನವೇ 8 ಪಾಯಿಂಟ್ ಕಮ್ಮಿ. ಅಲ್ಲಿಂದ ಒಂದೇ ಕ್ರಮ. ಬೆಳಿಗ್ಗೆ ಕಾಫಿಗೆ ಮೊದಲು, ಬಿಪಿ ಮಾತ್ರೆಗೆ ಮೊದಲು, ಕುರ್ಚಿಗೆ ಬೆನ್ನು ಕೊಟ್ಟು ಐದು ನಿಮಿಷ ಮಾತಿಲ್ಲದೆ ಕೂತು, ಕಾಲು ನೆಲಕ್ಕೆ ಊರಿ, ಕೈ ಮೇಜಿನ ಮೇಲೆ ಇಟ್ಟು ಎರಡು ಸಲ ನೋಡುವುದು. ಎರಡರ ಸರಾಸರಿ ಪುಸ್ತಕಕ್ಕೆ. ಮನೆಯಲ್ಲಿ ನೋಡಿದಾಗ 135/85 ಗಡಿ. ಒಂದು ದಿನ ದಾಟಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ವಾರದ ಸರಾಸರಿ ಮಾತ್ರ ನೋಡುವುದು.

ಮಳೆ ಪುಸ್ತಕ ಕೆಲಸ ಮಾಡಿದ್ದು 2022ರಲ್ಲಿ. ಮೇ ತಿಂಗಳಲ್ಲಿ 128/80 ಇತ್ತು. ಜುಲೈ ಕೊನೆಗೆ 146/90. ಮಾತ್ರೆ ಅದೇ. ಡಾಕ್ಟರ್ ಡೋಸ್ ಏರಿಸೋಣ ಅಂದರು. ಪುಸ್ತಕ ತೆಗೆದು ನೋಡಿದರೆ ಬಿಪಿ ಏರಲು ಶುರುವಾದದ್ದು ಮಳೆ ದಿನಕ್ಕೆ ಮೂರು ಇಂಚು ದಾಟಿದ ವಾರದಿಂದ. ಚಳಿಗೆ ಬಿಪಿ ಸ್ವಲ್ಪ ಏರುವುದು ಇದ್ದದ್ದೇ. ಆದರೆ 18 ಪಾಯಿಂಟ್? ಆಗ ಅಡುಗೆಮನೆಗೆ ಹೋಗಿ ನೋಡಿದೆ.

ಮಳೆಗಾಲದ ನಮ್ಮ ಊಟ ನಿಮಗೆ ಗೊತ್ತಲ್ವಾ? ತರಕಾರಿಗೆ ಪೇಟೆಗೆ ಹೋಗುವುದು ಕಮ್ಮಿ. ಒಲೆ ಮೇಲೆ ತೂಗುಹಾಕಿದ ಒಣಮೀನು, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿ, ಹಂದಿ ಉಪ್ಪಿನಕಾಯಿ, ಗಂಜಿ. ಗಂಜಿಗೇ ಒಂದು ಹಿಡಿ ಉಪ್ಪು. ನಾನು ಒಂದು ದಿನ ಒಣಮೀನಿನ ತುಂಡುಗಳನ್ನು ನೀರಿನಲ್ಲಿ ನೆನೆಹಾಕಿ, ಆ ನೀರನ್ನು ತಟ್ಟೆಗೆ ಹೊಯ್ದು ಒಲೆಯ ಪಕ್ಕ ಇಟ್ಟೆ. ಎರಡು ದಿನಕ್ಕೆ ನೀರು ಆರಿತು. ತಟ್ಟೆಯ ತಳದಲ್ಲಿ ಬಿಳಿ ಹರಳು, ಉಗುರಿನಲ್ಲಿ ಕೆರೆದರೆ ಒಂದು ಚಮಚಕ್ಕೆ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವುದು 5 ಗ್ರಾಮಿಗಿಂತ ಕಮ್ಮಿ ಉಪ್ಪು, ಅಂದರೆ ಎಲ್ಲ ಸೇರಿ ಒಂದು ಚಮಚ. ನನ್ನ ಇಡೀ ದಿನದ ಪಾಲು ಆ ತಟ್ಟೆಯಲ್ಲೇ ಇತ್ತು. ಆ ತಟ್ಟೆಯನ್ನು ಬಾವನಿಗೂ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಎದ್ದು ಹೋದರು.

ಒಣಮೀನು ಬಿಡಲಿಲ್ಲ. ವಾರಕ್ಕೆ ಒಂದು ದಿನ, ಬಿಸಿನೀರಲ್ಲಿ ಎರಡು ಸಲ ನೆನೆಸಿ ನೀರು ಚೆಲ್ಲಿ ಮಾಡುವುದು. ಗಂಜಿಗೆ ಉಪ್ಪಿಲ್ಲ, ಉಪ್ಪಿನಕಾಯಿ ಇದ್ದರೆ ಸಾಕು. ಮೂರು ವಾರ ನಾಲಿಗೆ ಒಪ್ಪುವುದಿಲ್ಲ, ಆಮೇಲೆ ಮದುವೆ ಮನೆ ಊಟವೇ ಉಪ್ಪು ಅನಿಸಲು ಶುರುವಾಗುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ, ನೀವು ಮಾಡಬೇಡಿ. ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಅಂಗಡಿಯಲ್ಲಿ ಸಿಗುತ್ತದೆ ನೋಡಿ, ಅದನ್ನು ಯಾರನ್ನೂ ಕೇಳದೆ ಶುರು ಮಾಡಿದೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ. ನನಗೆ ಅಷ್ಟರಲ್ಲಿ ಬಿಪಿ ಮಾತ್ರೆ ಅಮ್ಲೋಡಿಪಿನ್‌ನಿಂದ ಪಾದ ಊದಿಕೊಂಡು ಗಂಬೂಟಿಗೆ ಕಾಲು ಹೋಗದ ಹಾಗಾಗಿ, ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದ್ದರು. ಆ ಮಾತ್ರೆಯೇ ರಕ್ತದಲ್ಲಿ ಪೊಟ್ಯಾಶಿಯಂ ಏರಿಸುವಂಥದ್ದು. ಎರಡೂ ಸೇರಿ 5.6ಕ್ಕೆ ಹೋಯಿತು. ಇನ್ನೂ ಏರಿದ್ದರೆ ಹೃದಯದ ಬಡಿತವೇ ತಪ್ಪುತ್ತಿತ್ತು ಅಂತ ಡಾಕ್ಟರ್ ಚೆನ್ನಾಗಿ ಬೈದರು. ಉಪ್ಪು ಉಳಿಸಲು ಹೋಗಿ ಜೀವಕ್ಕೇ ತಂದುಕೊಳ್ಳುತ್ತಿದ್ದೆ.

ನಡಿಗೆಗೆ ಜಾಗ ಸಿಕ್ಕಿದ್ದು ಕಾಫಿ ಒಣಗಿಸುವ ಕಣದಲ್ಲಿ. ತೋಟದೊಳಗೆ ಬೆಳಿಗ್ಗೆ ಆನೆ ಭಯ, ಮಳೆಗಾಲದಲ್ಲಿ ಜಿಗಣೆ, ರಸ್ತೆಯಲ್ಲಿ ಲಾರಿ. ನಮ್ಮ ಕಣ ಸುತ್ತಲೂ ಒಂದು ಸುತ್ತು 110 ಹೆಜ್ಜೆ. 40 ಸುತ್ತು ಅಂದರೆ ಅರ್ಧ ಗಂಟೆ ಮೇಲೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ, ಆಗ ಅಂಚಿನಲ್ಲಿ ಎರಡಡಿ ದಾರಿ ಬಿಡಿಸಿದ್ದೇನೆ. ಮಳೆಗಾಲದಲ್ಲಿ ಗೋಡೌನ್ ಖಾಲಿ ಇರುತ್ತದೆ, ಅಲ್ಲಿ ನಡೆಯುವುದು. ತೋಟದ ಕೆಲಸವೇ ವ್ಯಾಯಾಮ ಅಂತ ಹೇಳುವವರಿಗೆ ಒಂದು ಮಾತು. ನಾವು ಹೆಚ್ಚಿನ ಹೊತ್ತು ನಿಂತು ಕೆಲಸ ಮಾಡಿಸುವವರು, ಮಾಡುವವರಲ್ಲ.

ಈಗ ಎಲ್‌ಡಿಎಲ್. ಪಥ್ಯ ಮಾಡಿ 168ರಿಂದ 149ಕ್ಕೆ ತಂದೆ, ಹೆಮ್ಮೆಪಟ್ಟೆ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಟೋರ್ವಾಸ್ಟಾಟಿನ್ 10 ಶುರು ಮಾಡಿದ ಮೇಲೆ 92. ನಂಬರ್ ಚೆನ್ನಾಗಿ ಬಂತಲ್ಲ ಅಂತ ನಾನೇ ಬಿಟ್ಟುಬಿಟ್ಟೆ. ಯಾರೋ ಲಿವರ್ ಹಾಳಾಗುತ್ತದೆ ಅಂದಿದ್ದರು. ಎರಡು ತಿಂಗಳಲ್ಲಿ ಮತ್ತೆ 151. ಮತ್ತೆ ಶುರು. ಡೋಸ್ ಎರಡರಷ್ಟು ಮಾಡಿದರೆ ಎರಡರಷ್ಟು ಇಳಿಯುತ್ತದೆ ಅಂದುಕೊಂಡಿದ್ದೆ, ಹಾಗಲ್ಲ, ಡಬಲ್ ಮಾಡಿದಾಗಲೆಲ್ಲ ಸುಮಾರು 6 ಪರ್ಸೆಂಟ್ ಅಷ್ಟೇ. 20ಕ್ಕೆ ಏರಿಸಿ ಬಂದದ್ದು 84. ಆಮೇಲೆ ಡಾಕ್ಟರ್ ಎಜೆಟಿಮೈಬ್ ಅಂತ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಿದರು, ಈಗ 66ರ ಹತ್ತಿರ. ಯಾಕೆ ಅಷ್ಟು ಕೆಳಗೆ ಅಂದರೆ ಲಿಪೊಪ್ರೋಟೀನ್ ಎ ಅಂತ ರಕ್ತದ ಒಂದು ಬಗೆಯ ಕೊಲೆಸ್ಟ್ರಾಲ್ ಕಣದ ಟೆಸ್ಟ್ ಮಾಡಿಸಿದ್ದರು, ಸಾವಿರ ಚಿಲ್ಲರೆ ಆಯಿತು, ನನ್ನದು 70ರ ಮೇಲೆ. ಮಿಲಿಗ್ರಾಂ ಲೆಕ್ಕದಲ್ಲಿ (mg/dL) 50 ದಾಟಿದರೇ ಜಾಸ್ತಿ. ಅದು ಹುಟ್ಟಿನಿಂದ ಬಂದದ್ದು, ಪಥ್ಯಕ್ಕೂ ನಡಿಗೆಗೂ ಬಗ್ಗುವುದಿಲ್ಲ, ಅದಕ್ಕೇ ಉಳಿದದ್ದನ್ನೆಲ್ಲ ಇನ್ನಷ್ಟು ಇಳಿಸಬೇಕು. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಎದೆನೋವಿಗೆ ಹೋಗಿದ್ದರೆ ಬೇರೆ ಪ್ಯಾಕೇಜ್ ಬಿಡಿ, ಇದನ್ನು ಮಾಡಿಸಿ. ಮಾತ್ರೆ ಖರ್ಚು ಮೊದಲು ತಿಂಗಳಿಗೆ 900 ಇತ್ತು, ಜನೌಷಧಿ ಅಂಗಡಿಗೆ ಬದಲಾಯಿಸಿದ ಮೇಲೆ 250ರ ಒಳಗೆ. ಯಾವ ಮಾತ್ರೆ ಯಾರಿಗೆ ಅಂತ ಡಾಕ್ಟರೇ ಹೇಳಬೇಕು, ನನ್ನ ಚೀಟಿ ನೋಡಿ ಕೊಳ್ಳಬೇಡಿ.

ನಡುವೆ ಎರಡು ಪ್ರಯೋಗ ಮಾಡಿದೆ. ಹಂದಿ ಕರಿಗೆ ಹಾಕುವ ಹುಳಿ ರಸ ಕಾಚಂಪುಳಿ ಕೊಬ್ಬು ಕರಗಿಸುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬಿಸಿನೀರಿಗೆ ಒಂದು ಚಮಚ ಹಾಕಿ ಮೂರು ತಿಂಗಳು ಕುಡಿದೆ. ಎಲ್‌ಡಿಎಲ್ ಎರಡು ಪಾಯಿಂಟ್ ಏರಿತು, ಹೊಟ್ಟೆ ಉರಿ ಬೇರೆ. ಕಾಚಂಪುಳಿ ಹಂದಿ ಕರಿಗೇ ಇರಲಿ. ಅದೇ ಜಾತಿಯ ಹುಳಿಯ ಸಾರದ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರೂ ಇದ್ದಾರೆ, ಅದರ ತಂಟೆಗೇ ಹೋಗಬೇಡಿ.

ಎರಡನೆಯದು ಕಾಫಿ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಇದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಜಾಸ್ತಿ, ಕಾಗದದ ಫಿಲ್ಟರ್‌ನಲ್ಲಿ ಇಳಿಸಿದರೆ ಹೆಚ್ಚಿನದು ಕಾಗದದಲ್ಲೇ ಉಳಿಯುತ್ತದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕಮ್ಮಿ. ನಮ್ಮ ಮನೆಯಲ್ಲಿ ಬೆಳಗ್ಗಿನಿಂದ ಒಲೆ ಮೇಲೆ ಕುದಿಯುವ ಬೆಲ್ಲದ ಕಾಫಿ, ದಿನಕ್ಕೆ ಐದಾರು ಲೋಟ. ನಾಲ್ಕು ತಿಂಗಳು ಕಾಗದದ ಫಿಲ್ಟರ್ ಹಾಕಿದೆ, ಮಾತ್ರೆ ಬದಲಾಯಿಸದೆ ಎಲ್‌ಡಿಎಲ್ ಏಳೆಂಟು ಪಾಯಿಂಟ್ ಇಳಿಯಿತು. ಇಷ್ಟೂ ಕಾಫಿಯದೇ ಅಂತ ಹೇಳಲಾರೆ, ಆ ಹೊತ್ತಿಗೆ ನಡಿಗೆಯೂ ಜಾಸ್ತಿಯಾಗಿತ್ತು. ಕಾಗದಕ್ಕೆ ತಿಂಗಳಿಗೆ ನೂರೈವತ್ತು ರೂಪಾಯಿ. ಈಗಲೂ ಅದರಲ್ಲೇ ಕುಡಿಯುತ್ತೇನೆ, ನಮ್ಮದೇ ತೋಟದ ರೋಬಸ್ಟಾ.

ಹಂದಿ ಕರಿ ಬಿಟ್ಟಿದ್ದೀರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಕೈಲ್ ಮುಹೂರ್ತ, ಪುತ್ತರಿ ಹಬ್ಬಗಳಿಗೆ, ಮದುವೆಗೆ ತಿನ್ನುತ್ತೇನೆ. ಮನೆಯಲ್ಲಿ ಮಾಡುವಾಗ ಕೊಬ್ಬಿನ ಪದರ ತೆಗೆದು ಮಾಡುವುದು, ಉಪ್ಪು ಅರ್ಧ, ಆದರೂ ತಿಂದವರಿಗೆ ಗೊತ್ತಾಗುವುದಿಲ್ಲ. ಅದು ಹೇಗೆ ಅಂತ ಇಲ್ಲಿ ಬರೆಯಲ್ಲ, ಅದು ನಮ್ಮ ಮನೆಯವಳ ಮಸಾಲೆ ಲೆಕ್ಕ, ಅವಳ ಅಪ್ಪಣೆ ಇಲ್ಲ. ಸಂಜೆಯ ಗ್ಲಾಸನ್ನು ವಾರಕ್ಕೆ ಒಂದಕ್ಕೆ ಇಳಿಸಿದ್ದು ಹೇಗೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸಿಗರೇಟು ನಾನು ಸೇದಿದವನಲ್ಲ. ಸೇದುವವರು ಮೇಲೆ ಬರೆದದ್ದೆಲ್ಲ ಬಿಟ್ಟು ಮೊದಲು ಅದನ್ನು ನಿಲ್ಲಿಸಿ.

ಮಳೆ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿದ್ದೇನೆ. ಎದೆ, ದವಡೆ, ಎಡಗೈ, ಬೆನ್ನು, ಎಲ್ಲೇ ನೋವಾಗಿ ಜೊತೆಗೆ ಬೆವರು ಬಂದರೆ ಗ್ಯಾಸ್ ಅಂತ ಕೂರುವ ಹಾಗಿಲ್ಲ, ಗಾಡಿ ಹೊರಡಬೇಕು, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ. ನೇರ ಮೈಸೂರಿಗೆ ಅಲ್ಲ. ಮಡಿಕೇರಿಯಿಂದ ಅದು 120 ಕಿಲೋಮೀಟರ್. 2023ರ ಕೊನೆಯಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ. ಹೊರಗೆ ಅದಕ್ಕೆ ಮೂವತ್ತು ಸಾವಿರಕ್ಕೂ ಮೇಲೆ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಇದೆಯಾ, ರಾತ್ರಿಯೂ ಸಿಗುತ್ತದಾ, ಇವತ್ತೇ ಹೋಗಿ ಕೇಳಿ ಬನ್ನಿ. 1998ರಲ್ಲಿ ಅಪ್ಪನನ್ನು ಬೆಳಗಿನವರೆಗೆ ಕೂರಿಸಿದ ನಮಗೆ ಇದರ ಬೆಲೆ ಗೊತ್ತು.

ಬಾವ ಹೋದ ತಿಂಗಳು ಫೋನ್ ಮಾಡಿ, ಆ ದೊಡ್ಡ ಪಟ್ಟಿ ಎಲ್ಲಿ ಸಿಕ್ಕಿತು ಅಂತ ಕೇಳಿದರು. ಅವರ ಮನೆಯ ಮಳೆ ಪುಸ್ತಕದಲ್ಲೂ ಈಗ ಎರಡು ಲೆಕ್ಕ ಇದೆ. ನಾನು ಈ ವರ್ಷ ಲೈನ್ ಮನೆಯಲ್ಲಿರುವ ತೋಟದ ಕೆಲಸದವರ ಬಿಪಿಯನ್ನೂ ನೋಡಲು ಶುರು ಮಾಡಿದ್ದೇನೆ. 31 ಜನರಲ್ಲಿ 9 ಜನಕ್ಕೆ ಜಾಸ್ತಿ ಇತ್ತು, ಅದರಲ್ಲಿ ಏಳು ಜನಕ್ಕೆ ಗೊತ್ತೇ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ದುಡ್ಡಿಲ್ಲದೆ ಕೊಡುತ್ತಾರೆ, ಆದರೆ ಹೋಗಿ ಬರಲು ಒಂದು ದಿನದ ಸಂಬಳ ಹೋಗುತ್ತದೆ ಅಂತ ಮೂವರು ಹೋಗಲಿಲ್ಲ. ಈಗ ಆ ದಿನದ ಸಂಬಳ ನಾನೇ ಹಾಕುತ್ತೇನೆ. ಮೊನ್ನೆ ಸೋಮವಾರ ಇಬ್ಬರು ಹೋಗಿ ಬಂದರು, ಇನ್ನೊಬ್ಬಳು ಅರೇಬಿಕಾ ಕುಯ್ಲು ಶುರುವಾಗುವ ಮೊದಲು ಹೋಗುತ್ತೇನೆ ಅಂದಿದ್ದಾಳೆ.